ಹತ್ತಕ್ಕೆ ಎಷ್ಟು? ಮೆಕ್ಸಿಕೋದ ಜ್ವಾಲಾಮುಖಿಗಳನ್ನು ಹತ್ತಿದ ಅನುಭವ

ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಮೆಕ್ಸಿಕೋ ಸಿಟಿ ಇರುವುದೇ 2,240 ಮೀಟರ್ ಎತ್ತರದಲ್ಲಿ. ವಿಮಾನ ಇಳಿದು ಟ್ಯಾಕ್ಸಿ ಹಿಡಿಯುವ ಹೊತ್ತಿಗೇ ನಮ್ಮ ರಾಜ್ಯದ ಎಲ್ಲ ಬೆಟ್ಟಗಳಿಗಿಂತ ಮೇಲಿರುತ್ತೇವೆ. ಹೋಟೆಲಿನ ಮೆಟ್ಟಿಲು ಹತ್ತುವಾಗ ಅದು ಗೊತ್ತಾಗುತ್ತದೆ. ಬ್ಯಾಗ್ ಹಿಡಿದು ಮೂರನೇ ಮಹಡಿಗೆ ಹೋದರೆ ಬಾಗಿಲ ಮುಂದೆ ಒಂದು ಗಳಿಗೆ ನಿಂತು ಉಸಿರು ತಗೋಬೇಕು.

ಅಲ್ಲಿಂದ ಶುರು ಮಾಡಿ 5,636 ಮೀಟರ್ ಎತ್ತರದ ಪಿಕೋ ದೆ ಒರಿಸಾಬಾದ ತುದಿ ಮುಟ್ಟಬೇಕು ಅನ್ನೋದು ನಮ್ಮಿಬ್ಬರ ಆಸೆಯಾಗಿತ್ತು. ಉತ್ತರ ಅಮೆರಿಕ ಖಂಡದಲ್ಲಿ ಡೆನಾಲಿ, ಲೋಗನ್ ಬಿಟ್ಟರೆ ಮೂರನೇ ಎತ್ತರದ ಶಿಖರ ಇದು. ಜ್ವಾಲಾಮುಖಿಗಳಲ್ಲಿ ಆ ಖಂಡಕ್ಕೇ ಎತ್ತರದ್ದು.

ನಾವಿಬ್ಬರೂ ತೀರ್ಥಹಳ್ಳಿ ಕಡೆಯವರು. ಹೈಸ್ಕೂಲಿನಿಂದ ಗೆಳತಿಯರು. ಕುಂದಾದ್ರಿ, ಕೊಡಚಾದ್ರಿ, ಆಮೇಲೆ ಕುಮಾರಪರ್ವತ ಅಂತ ಜೊತೆಯಾಗಿಯೇ ಹತ್ತಿದವರು. ಈಗ ಅವಳು ಡಲ್ಲಾಸ್‌ನಲ್ಲಿ, ನಾನು ಬೆಂಗಳೂರಿನಲ್ಲಿ. ಹಿಮಾಲಯ ಬಿಟ್ಟು ಅಷ್ಟು ದೂರ ಯಾಕೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಕಾರಣ ಇತ್ತು. ಹಿಮಾಲಯದಲ್ಲಿ ಇಷ್ಟು ಎತ್ತರದ ಹಿಮದ ಶಿಖರ ಹತ್ತಬೇಕಾದರೆ ಬುಡ ಸೇರುವುದಕ್ಕೇ ಎಷ್ಟೋ ದಿನ ನಡೆಯಬೇಕು. ಮೆಕ್ಸಿಕೋದಲ್ಲಿ ಜೀಪ್ ರಸ್ತೆ ನಾಲ್ಕು ಸಾವಿರ ಮೀಟರ್ ದಾಟಿ ಹೋಗುತ್ತದೆ. ನಮ್ಮ ರಜೆಗೆ ಅದು ಸರಿಹೊಂದಿತು. ಅಮೆರಿಕದ ವೀಸಾ ಇದ್ದರೆ ಭಾರತೀಯರು ಪ್ರವಾಸಕ್ಕೆ ಅಲ್ಲಿಗೆ ಬೇರೆ ವೀಸಾ ಮಾಡಿಸಬೇಕಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಆಫೀಸು ಕೆಲಸಕ್ಕೆ ಮಾಡಿಸಿದ್ದು ಇತ್ತು.

ಆದರೆ ಜೀಪ್ ಮೇಲೆ ತಂದು ಬಿಡುತ್ತದೆ ಅನ್ನೋದೇ ಅಪಾಯ ಕೂಡ. ನಡೆದು ಹೋದರೆ ದೇಹ ದಾರಿಯಲ್ಲೇ ಹೊಂದಿಕೊಳ್ಳುತ್ತದೆ. ಜೀಪಿನಲ್ಲಿ ಹೋದರೆ ಆ ಅವಕಾಶ ಇಲ್ಲ. ಎತ್ತರದಲ್ಲಿ ಆಕ್ಸಿಜನ್ ಪಾಲು ಕಮ್ಮಿ ಆಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಪಾಲು ಎಲ್ಲ ಕಡೆಯೂ ನೂರಕ್ಕೆ 21ರಷ್ಟೇ. ಕಮ್ಮಿಯಾಗುವುದು ಗಾಳಿಯ ಒತ್ತಡ. ಒರಿಸಾಬಾ ತುದಿಯಲ್ಲಿ ಅದು ಸಮುದ್ರಮಟ್ಟದ ಹತ್ತಿರ ಹತ್ತಿರ ಅರ್ಧ. ಅಂದರೆ ಒಂದು ಉಸಿರಿಗೆ ಸಿಗುವ ಆಕ್ಸಿಜನ್ನೂ ಅರ್ಧ. ಗಟ್ಟಿ ಕಾಲು, ಓಡಿದ ಅಭ್ಯಾಸ ಇದನ್ನು ತುಂಬಿಕೊಡುವುದಿಲ್ಲ. ಮ್ಯಾರಥಾನ್ ಓಡುವವರಿಗೂ ತಲೆನೋವು ಬರುತ್ತದೆ, ಏನೂ ಓಡದವರು ಆರಾಮಾಗಿ ಇರಬಹುದು. ಯಾರಿಗೆ ಏನಾಗುತ್ತದೆ ಅಂತ ಮೊದಲೇ ಹೇಳುವುದಕ್ಕೆ ಬರುವುದಿಲ್ಲ.

ಹಾಗಾಗಿ ಹೊರಡುವ ಮೊದಲೇ ನಾವಿಬ್ಬರೂ ಫೋನಿನಲ್ಲಿ ಒಂದು ಮಾತು ಮಾಡಿಕೊಂಡೆವು. ಬೆಟ್ಟದ ಮೇಲೆ ಗಂಟೆಗೊಂದು ಸಲ ಒಬ್ಬರನ್ನೊಬ್ಬರು ಕೇಳಬೇಕು, ‘ಹತ್ತಕ್ಕೆ ಎಷ್ಟು?’ ಏನೂ ತೊಂದರೆ ಇಲ್ಲ ಅಂದರೆ ಸೊನ್ನೆ. ತಲೆನೋವು, ವಾಕರಿಕೆ, ಸುಸ್ತು ಎಲ್ಲ ಸೇರಿಸಿ ಒಂದು ಅಂಕ ಹೇಳಬೇಕು. ಯಾರದ್ದಾದರೂ ಐದು ದಾಟಿದರೆ ಇಬ್ಬರೂ ಕೆಳಗೆ. ಚರ್ಚೆ ಇಲ್ಲ. ಇದು ಕನ್ನಡದಲ್ಲೇ ನಡೆಯಬೇಕು ಅಂತಲೂ ಅಂದುಕೊಂಡೆವು. ಬೇರೆಯವರ ಎದುರು ‘ಚೆನ್ನಾಗಿದ್ದೀನಿ’ ಅಂತ ಬಾಯಿಗೆ ಬಂದುಬಿಡುತ್ತದೆ. ದುಡ್ಡು ಖರ್ಚಾಗಿರುತ್ತದೆ, ರಜೆ ಮುಗಿದಿರುತ್ತದೆ, ತುದಿ ಕಣ್ಣೆದುರಿಗೇ ಇರುತ್ತದೆ. ಜನ ಬಚ್ಚಿಡುವುದು ಅದಕ್ಕೇ. ಹೈಸ್ಕೂಲಿನ ಗೆಳತಿಯ ಹತ್ತಿರ ಬಚ್ಚಿಡುವುದು ಸುಲಭ ಅಲ್ಲ. ದನಿಯಲ್ಲೇ ಸಿಕ್ಕಿಬೀಳುತ್ತೇವೆ.

ತಯಾರಿಗೆ ನಾನು ಅಪಾರ್ಟ್‌ಮೆಂಟಿನ ಮೆಟ್ಟಿಲನ್ನೇ ನಂಬಿಕೊಂಡೆ. ನೀರಿನ ಬಾಟಲಿ ತುಂಬಿದ ಬ್ಯಾಗ್ ಹೊತ್ತು ಹತ್ತಿ ಇಳಿಯೋದು. ಭಾನುವಾರ ಸಾವನದುರ್ಗ. ಡಾಕ್ಟರನ್ನು ಕೇಳಿ ಅಸಿಟಜೋಲಮೈಡ್ ಮಾತ್ರೆ ತಗೊಂಡೆವು. ದೇಹ ಎತ್ತರಕ್ಕೆ ಬೇಗ ಒಗ್ಗುವುದಕ್ಕೆ ಅದು ಸಹಾಯ ಮಾಡುತ್ತದೆ. ಬೆರಳ ತುದಿ ಜುಮ್ ಅನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಸೋಡಾ ಕುಡಿದರೆ ರುಚಿಯೇ ಕೆಟ್ಟಿರುತ್ತದೆ. ಸಲ್ಫಾ ಅಲರ್ಜಿ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

ಮೊದಲ ಬೆಟ್ಟ ಲಾ ಮಲಿಂಚೆ, 4,461 ಮೀಟರ್. ಇದು ಅಭ್ಯಾಸಕ್ಕೆ. ಹಿಮನದಿ ಇಲ್ಲ, ಹಗ್ಗ ಬೇಡ. 3,100 ಮೀಟರಿನಲ್ಲಿ ಪೈನ್ ಮರಗಳ ನಡುವೆ ದಾರಿ ಶುರುವಾಗುತ್ತದೆ. ಮರ ಮುಗಿದ ಮೇಲೆ ಗುಂಪುಗುಂಪಾಗಿ ಬೆಳೆದ ಹಳದಿ ಹುಲ್ಲು. ಆಮೇಲೆ ಬರೀ ಮರಳು, ಸಣ್ಣ ಕಲ್ಲು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ಊರಿನವರು ಮಕ್ಕಳು ಮರಿ, ನಾಯಿ ಸಮೇತ ಬಂದಿದ್ದರು. ಬ್ಯಾಗಿನಲ್ಲಿ ಪಲಾಂಕೆತಾ ಇಟ್ಟುಕೊಂಡಿದ್ದೆವು. ಕಡಲೆಬೀಜಕ್ಕೆ ಬೆಲ್ಲ ಹಾಕಿ ಮಾಡಿದ್ದು, ಥೇಟ್ ನಮ್ಮ ಕಡಲೆ ಮಿಠಾಯಿಯೇ. ಎತ್ತರದಲ್ಲಿ ಬೇರೆ ಏನೂ ಸೇರದಿದ್ದಾಗಲೂ ಅದು ಗಂಟಲಲ್ಲಿ ಇಳಿಯುತ್ತಿತ್ತು. ತುದಿಯಲ್ಲಿ ನಿಂತಾಗ ಅವಳದು ಎರಡು, ನನ್ನದು ಮೂರು.

ಅಲ್ಲಿಂದ ಪಶ್ಚಿಮಕ್ಕೆ ಪೊಪೊಕಾತೆಪೆತ್ಲ್, ಇಸ್ತಾಕ್ಸಿವಾತ್ಲ್ ಅಕ್ಕಪಕ್ಕ ಕಂಡವು. ಪೂರ್ವಕ್ಕೆ ಒರಿಸಾಬಾದ ಬಿಳಿ ತಲೆ. ಈ ಬೆಟ್ಟಗಳೆಲ್ಲ ಪೂರ್ವ ಪಶ್ಚಿಮವಾಗಿ ಚಾಚಿರುವ ಒಂದೇ ಪಟ್ಟಿಯಲ್ಲಿವೆ. ಪೆಸಿಫಿಕ್ ಕಡೆಯಿಂದ ಸಮುದ್ರ ತಳದ ಕೋಕೋಸ್ ಪ್ಲೇಟ್ ಅನ್ನೋ ಭೂಮಿಯ ಹೊರಪದರದ ತುಂಡು ಖಂಡದ ಅಡಿಗೆ ನುಗ್ಗುತ್ತದೆ. ಆಳದಲ್ಲಿ ಕರಗಿದ ಕಲ್ಲು ಮೇಲೆ ಬಂದು ಇವು ಎದ್ದಿವೆ. ಹಿಮಾಲಯದ ಹಾಗೆ ಒತ್ತೊತ್ತಾಗಿ ನಿಂತ ಸಾಲಲ್ಲ. ಬಯಲಿನ ನಡುವೆ ಒಂದೊಂದೇ ಬೆಟ್ಟ ಎದ್ದು ನಿಂತಿರುತ್ತದೆ. ಹೊಲದಲ್ಲಿ ಮೆಕ್ಕೆಜೋಳ ಕೀಳುವವರಿಗೂ ಪೂರ್ತಿ ಬೆಟ್ಟ ಬುಡದಿಂದ ತಲೆಯವರೆಗೆ ಕಾಣುತ್ತದೆ. ನನಗೆ ಇವು ಇಷ್ಟವಾಗಿದ್ದು ಅದಕ್ಕೇ.

ಎರಡನೆಯದು ಇಸ್ತಾಕ್ಸಿವಾತ್ಲ್, 5,230 ಮೀಟರ್. ಎಲ್ಲರೂ ಇಸ್ತಾ ಅಂತಾರೆ. ಅಮೆಕಾಮೆಕಾ ಊರಿನಿಂದ ನೋಡಿದರೆ ಒಬ್ಬ ಹೆಂಗಸು ಮಲಗಿದ ಹಾಗೆ ಕಾಣುತ್ತದೆ. ಭಾಗಗಳಿಗೂ ಹಾಗೇ ಹೆಸರು. ಪಾದ, ಮಂಡಿ, ಹೊಟ್ಟೆ, ಎದೆ, ತಲೆ. ಎದೆಯೇ ಎತ್ತರದ ಜಾಗ. ಅವಳು ಸತ್ತಳೆಂದು ಶೋಕಿಸುತ್ತಾ ಪಕ್ಕದಲ್ಲೇ ಕಾವಲು ಕೂತ ವೀರ ಪೊಪೊಕಾತೆಪೆತ್ಲ್ ಅಂತ ಅಲ್ಲಿಯ ಕಥೆ. ಅವನಿನ್ನೂ ಹೊಗೆ ಉಗುಳುತ್ತಿದ್ದಾನೆ. 1994ರ ಡಿಸೆಂಬರಿನಲ್ಲಿ ಎಚ್ಚರವಾದ ಮೇಲೆ ಅದನ್ನು ಹತ್ತುವುದಕ್ಕೆ ಬಿಡುವುದಿಲ್ಲ. ಸುತ್ತಲಿನ ಹಳ್ಳಿಯವರು ಅದನ್ನು ಪ್ರೀತಿಯಿಂದ ‘ದೊನ್ ಗೊಯೋ’ ಅಂತ ಕರೀತಾರೆ. ನಮ್ಮಲ್ಲಿ ಯಜಮಾನರು ಅಂದ ಹಾಗೆ ಆ ‘ದೊನ್’. ಮಾರ್ಚ್ 12ರಂದು ಬೆಟ್ಟಕ್ಕೆ ಹೋಗಿ ನೈವೇದ್ಯ ಇಟ್ಟು ಬರುತ್ತಾರೆ.

ಎರಡು ಬೆಟ್ಟಗಳ ನಡುವಿನ ಕಣಿವೆ ಪಾಸೊ ದೆ ಕೊರ್ತೇಸ್. 1519ರ ನವೆಂಬರಿನಲ್ಲಿ ಕೊರ್ತೇಸ್ ತನ್ನ ದಂಡಿನೊಂದಿಗೆ ಆಜ್ಟೆಕರ ರಾಜಧಾನಿ ಕಡೆ ಇಳಿದಿದ್ದು ಇದೇ ದಾರಿಯಲ್ಲಿ. ಈಗ ಅಲ್ಲಿ ಪಾರ್ಕಿನ ಕಚೇರಿ ಇದೆ. ಹೆಸರು ಬರೆಸಿ, ಶುಲ್ಕ ಕಟ್ಟಿ ಮೇಲೆ ಆಲ್ಸೊಮೊನಿಗೆ ಹೋದೆವು. ಟಿವಿ, ರೇಡಿಯೋ ಟವರುಗಳ ಪಕ್ಕ ಒಂದು ತಂಗುಮನೆ, ಸುಮಾರು ನಾಲ್ಕು ಸಾವಿರ ಮೀಟರ್. ಕತ್ತಲಾದ ಮೇಲೆ ಕಿಟಕಿಯಿಂದ ನೋಡಿದರೆ ಪೊಪೊ ಬಾಯಿಯ ಮೇಲಿನ ಹೊಗೆ ಅಡಿಯಿಂದ ಕೆಂಪಗೆ ಹೊಳೆಯುತ್ತಿತ್ತು. ಒಂದು ಸಲ ಗುಡುಗಿದ ಹಾಗೆ ಸದ್ದು ಬಂತು. ನಾವಿಬ್ಬರೂ ಮಾತಾಡಲಿಲ್ಲ, ನೋಡುತ್ತಾ ನಿಂತೆವು.

ನಡುರಾತ್ರಿ ದಾಟಿದ ಮೇಲೆ ಲಾ ಹೋಯಾದಿಂದ ಹತ್ತೋದಕ್ಕೆ ಶುರು. ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಮುಂದಿನವರ ಹಿಮ್ಮಡಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಗೈಡ್ ನಮಗೆ ಒಂದು ನಡಿಗೆ ಕಲಿಸಿದ್ದರು. ಹೆಜ್ಜೆ ಮುಂದಿಟ್ಟು ಹಿಂದಿನ ಕಾಲನ್ನು ಮಂಡಿ ಮಡಚದೆ ನೆಟ್ಟಗೆ ನಿಲ್ಲಿಸಬೇಕು. ಒಂದು ಕ್ಷಣ ಭಾರವೆಲ್ಲ ಆ ಕಾಲಿನ ಮೂಳೆಯ ಮೇಲೆ. ತೊಡೆಗೆ ಅಷ್ಟು ಹೊತ್ತು ವಿಶ್ರಾಂತಿ. ಆಮೇಲೆ ಮುಂದಿನ ಹೆಜ್ಜೆ. ನೋಡಿದವರಿಗೆ ಏನಪ್ಪಾ ಇಷ್ಟು ನಿಧಾನ ಅನ್ನಿಸುತ್ತದೆ. ಆದರೆ ಗಂಟೆಗಟ್ಟಲೆ ನಿಲ್ಲದೆ ನಡೆಯೋಕಾಗುವುದು ಅದೊಂದರಲ್ಲೇ.

ಮೊದಲನೇ ಗಂಟೆ ಅವಳದು ಎರಡು. ಎರಡನೇ ಗಂಟೆ ಮೂರು. 4,700 ಮೀಟರ್ ದಾಟಿ ಹಟ್ ಹತ್ತಿರ ಕೂತಾಗ ‘ನಾಲ್ಕು, ನಾಲ್ಕೂವರೆ ಅನ್ಕೋ’ ಅಂದಳು. ಬಿಸ್ಕತ್ತು ಬೇಡ ಅಂದಳು. ಅಲ್ಲಿಂದ ಮುಂದೆ ಮಂಡಿ. ದಾರಿಯಲ್ಲಿ ತುಂಬಾ ಕಡಿದಾದ ಜಾಗ ಅದೇ, ಸಡಿಲ ಕಲ್ಲು, ಕೈ ಊರಿ ಹತ್ತಬೇಕು. ಅರ್ಧ ಹತ್ತಿದಾಗ ಅವಳು ನಿಂತಳು.

‘ಮಾರಾಯ್ತಿ, ತಲೆ ಸಿಡೀತಾ ಇದೆ ಕಣೇ.’

‘ಹತ್ತಕ್ಕೆ ಎಷ್ಟು?’

‘ಏಳು.’

ಗೈಡ್ ಅವಳನ್ನು ಸ್ವಲ್ಪ ಸಮತಟ್ಟಾದ ಕಡೆ ಇಳಿಸಿ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿಕೊಂಡು ಗೆರೆ ಎಳೆದ ಹಾಗೆ ನಡೆಸಿದರು. ಮಿದುಳಿಗೆ ಬಾವು ಬಂದಿದ್ದರೆ ಹಾಗೆ ನಡೆಯೋಕೆ ಆಗುವುದಿಲ್ಲ, ತೂರಾಡುತ್ತಾರೆ. ಅವಳು ನೆಟ್ಟಗೆ ನಡೆದಳು. ಅಂದರೆ ಬಂದಿರುವುದು ಎತ್ತರದ ತಲೆನೋವು, ವಾಕರಿಕೆ ಅಷ್ಟೇ. ಆದರೆ ಅದು ಅಲ್ಲಿಗೇ ನಿಲ್ಲುತ್ತದೆ ಅಂತ ಯಾರೂ ಹೇಳೋಕಾಗಲ್ಲ. ‘ನೀನು ಹೋಗಿ ಬಾ, ನಾನು ಹಟ್ಟಿನಲ್ಲಿ ಕೂತಿರ್ತೀನಿ’ ಅಂದಳು. ‘ಮಾತು ಏನಾಗಿತ್ತು?’ ಅಂದೆ. ಅಷ್ಟೇ. ತಿರುಗಿದೆವು.

ನನಗೆ ಬೇಜಾರಾಯಿತು, ಇಲ್ಲ ಅನ್ನಲ್ಲ. ಬೆಳಕು ಹರಿಯುತ್ತಿತ್ತು, ಹೊಟ್ಟೆಯ ಮೇಲಿನ ಹಿಮದ ಅಂಚು ಕಾಣುತ್ತಿತ್ತು. ಆದರೆ ಕೆಳಗಿಳಿಯುತ್ತಾ ಅವಳ ಅಂಕ ಇಳಿಯುವುದನ್ನು ನೋಡಿದಾಗ ಆ ಬೇಜಾರು ಉಳಿಯಲಿಲ್ಲ. ಪಾದದ ಹತ್ತಿರ ಐದು. ಲಾ ಹೋಯಾದಲ್ಲಿ ಬಿಸಿ ಸೂಪ್ ಕುಡಿದಾಗ ಮೂರು. ಅಮೆಕಾಮೆಕಾದಲ್ಲಿ ಒಂದು. ಈ ಕಾಯಿಲೆಗೆ ಕೆಳಗಿಳಿಯುವುದೇ ಮೊದಲ ಮದ್ದು ಅಂತ ಓದಿದ್ದೆ. ಕಣ್ಣೆದುರೇ ಕಂಡೆ.

ಇಸ್ತಾದ ಹಿಮದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಅಯೊಲೊಕೊ ಅಂತ ಒಂದು ಹಿಮನದಿ ಇತ್ತು. ಈಗ ಇಲ್ಲ. 2018ರ ಹೊತ್ತಿಗೆ ಅದು ಮುಗಿಯಿತು ಅಂತ ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೇಳಿದರು. 2021ರಲ್ಲಿ ಅದಿದ್ದ ಜಾಗಕ್ಕೆ ಹತ್ತಿ ಹೋಗಿ, ಮುಂದಿನ ತಲೆಮಾರಿಗೆ ತಿಳಿಯಲಿ ಅಂತ ಲೋಹದ ಫಲಕ ಹಾಕಿ ಬಂದರು. ಮನುಷ್ಯರಿಗೆ ಹಾಕುವ ಹಾಗೆ ಒಂದು ನದಿಗೆ ಫಲಕ. ಉಳಿದಿರುವ ಹಿಮವೂ ಜಾಸ್ತಿ ವರ್ಷ ಇರೋದಿಲ್ಲ. ಒರಿಸಾಬಾದ ಹಮಾಪಾ ಹಿಮನದಿಯೂ ವರ್ಷ ವರ್ಷ ಹಿಂದೆ ಸರಿಯುತ್ತಿದೆ. ಮಲೆನಾಡಿನಲ್ಲಿ ಮಳೆ ತಪ್ಪುವುದನ್ನು ನೋಡುತ್ತಾ ಬೆಳೆದ ನಮಗೆ ಇದು ದೂರದ ಸುದ್ದಿ ಅನ್ನಿಸಲಿಲ್ಲ.

ಆಮೇಲೆ ಚೊಲುಲಾದಲ್ಲಿ ವಿಶ್ರಾಂತಿ. ತಲೆನೋವು ಮಾತ್ರೆಯಿಲ್ಲದೆ ಪೂರ್ತಿ ಹೋಗುವವರೆಗೆ ಮತ್ತೆ ಮೇಲೆ ಹೋಗಬಾರದು ಅನ್ನೋದು ನಿಯಮ. ಅಲ್ಲಿ ಒಂದು ಗುಡ್ಡದ ಮೇಲೆ ಹಳದಿ ಚರ್ಚ್ ಇದೆ. ಗುಡ್ಡ ಅಂತ ಕಾಣುವುದು ನಿಜವಾಗಿ ಹಳೆಯ ಪಿರಮಿಡ್, ಗಾತ್ರದಲ್ಲಿ ಜಗತ್ತಿನಲ್ಲೇ ದೊಡ್ಡದು. ಅದನ್ನು ಹತ್ತಿದೆವು. ಸೊನ್ನೆ ಅಂದಳು. ಊಟಕ್ಕೆ ತೊರ್ತಿಯಾ ಅನ್ನೋ ಮೆಕ್ಕೆಜೋಳದ ರೊಟ್ಟಿ, ಕಪ್ಪು ಹುರುಳಿಕಾಯಿ ಬೀಜದ ಸಾರು, ಬೆಣ್ಣೆಹಣ್ಣು, ಕಳ್ಳಿ ಎಲೆಯ ಪಲ್ಯ. ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಆದರೆ ಬೀಜವನ್ನು ಹಂದಿ ಕೊಬ್ಬಿನಲ್ಲಿ ಹುರಿದಿರಬಹುದು, ಕೇಳಿಕೊಂಡೇ ತಿನ್ನಬೇಕು.

ಒರಿಸಾಬಾಕ್ಕೆ ಉತ್ತರದ ದಾರಿ ಹಿಡಿಯುವವರು ತ್ಲಾಚಿಚುಕಾ ಅನ್ನೋ ಸಣ್ಣ ಊರಿಗೆ ಬರಬೇಕು. ಅಲ್ಲಿಂದ ಜೀಪಿನಲ್ಲಿ ಆಲೂಗಡ್ಡೆ ಹೊಲ, ಪೈನ್ ಕಾಡು ದಾಟಿ, ಮೈಯೆಲ್ಲ ಧೂಳಾಗಿ ಪಿಯೆದ್ರಾ ಗ್ರಾಂದೆ ತಲುಪಬಹುದು, ಸುಮಾರು 4,260 ಮೀಟರ್. ಕಲ್ಲಿನ ತಂಗುಮನೆ. ಒಳಗೆ ಮರದ ಅಟ್ಟಗಳು, ಎಲ್ಲರೂ ಸಾಲಾಗಿ ಮಲಗಬೇಕು. ಇಲಿ ಕಾಟ ಇದೆ, ತಿಂಡಿ ಚೀಲವನ್ನು ಮೊಳೆಗೆ ನೇತುಹಾಕಬೇಕು.

ಹಿಂದಿನ ದಿನ ಮೇಲೆ ಹಿಮ ಇದ್ದ ಜಾಗದವರೆಗೆ ಹೋಗಿ ಕಲಿತು ಬಂದೆವು. ಬೂಟಿಗೆ ಕ್ರಾಂಪಾನ್ ಕಟ್ಟುವುದು, ಅಂದರೆ ಉಕ್ಕಿನ ಮುಳ್ಳಿನ ಚೌಕಟ್ಟು. ಇಳಿಜಾರಿನಲ್ಲಿ ಎಲ್ಲ ಮುಳ್ಳೂ ಕಚ್ಚುವ ಹಾಗೆ ಪಾದ ಪೂರ್ತಿ ಊರುವುದು. ಜಾರಿದರೆ ಐಸ್ ಆಕ್ಸನ್ನು, ಅಂದರೆ ಹಿಮಕ್ಕೆ ನಾಟುವ ಚೂಪು ಮೂತಿಯ ಕೊಡಲಿಯನ್ನು, ಎದೆಗೆ ಒತ್ತಿಕೊಂಡು, ಮೈಭಾರ ಅದರ ಮೂತಿಯ ಮೇಲೆ ಬಿದ್ದು ನಿಲ್ಲುವುದು. ಇದನ್ನು ಎಡ ಮಗ್ಗುಲು, ಬಲ ಮಗ್ಗುಲು, ತಲೆಕೆಳಗಾಗಿ ಬಿದ್ದು ಮಾಡಿಸಿದರು. ಯೋಚನೆ ಮಾಡಿ ಮಾಡುವಷ್ಟು ಸಮಯ ಸಿಗುವುದಿಲ್ಲ, ಮೈಗೇ ಗೊತ್ತಿರಬೇಕು ಅಂದರು.

ರಾತ್ರಿ ಅವಳ ಪಕ್ಕದಲ್ಲಿ ಮಲಗಿದ್ದೆ. ಅವಳ ಉಸಿರು ನಿಂತೇಹೋಯಿತು ಅನ್ನಿಸುತ್ತಿತ್ತು. ಏನೂ ಸದ್ದಿಲ್ಲ. ಆಮೇಲೆ ಒಮ್ಮೆಲೇ ದೊಡ್ಡದಾಗಿ ಎಳೆದುಕೊಳ್ಳುತ್ತಿದ್ದಳು. ಎತ್ತರದಲ್ಲಿ ನಿದ್ದೆಯಲ್ಲಿ ಹೀಗಾಗುವುದು ಸಾಮಾನ್ಯ. ಗೊತ್ತಿದ್ದೂ ನಾನು ಪ್ರತಿ ಸಲ ಮುಂದಿನ ಉಸಿರಿಗೆ ಕಾದೆ.

ಒಂದು ಗಂಟೆಗೆ ಹೊರಟೆವು. ತಂಗುಮನೆಯ ಹಿಂದಿನ ಹಳೆಯ ಸಿಮೆಂಟ್ ಕಾಲುವೆಯ ಮೇಲೆ ನಡೆದು, ಆಮೇಲೆ ‘ಚಕ್ರವ್ಯೂಹ’ ಅಂತ ಹೆಸರಿರುವ ಕಲ್ಲು, ಮಂಜುಗಡ್ಡೆಯ ಸಂದುಗಳಲ್ಲಿ ಹತ್ತಬೇಕು. ಕತ್ತಲಲ್ಲಿ ಗೈಡ್ ಇಲ್ಲದೆ ಅಲ್ಲಿ ದಾರಿ ಹುಡುಕುವುದು ಕಷ್ಟ. ಅದು ಮುಗಿದರೆ ಹಮಾಪಾ ಹಿಮನದಿ. ಮೂವರೂ ಒಂದೇ ಹಗ್ಗಕ್ಕೆ. ಮುಂದೆ ಗೈಡ್, ನಡುವೆ ಅವಳು, ಹಿಂದೆ ನಾನು.

ಹಿಮನದಿ ಮೇಲೆ ಹೋದಷ್ಟೂ ಕಡಿದಾಗುತ್ತದೆ. ಹಿಮ ಗಟ್ಟಿಯಾಗಿತ್ತು. ಮುಳ್ಳು ಊರಿದಾಗ ಗಾಜು ಒಡೆದ ಹಾಗೆ ಚೂರು ಸಿಡಿದು ನನ್ನ ಮುಖಕ್ಕೆ ಬರುತ್ತಿತ್ತು. ಹೆಜ್ಜೆ, ಉಸಿರು, ಉಸಿರು, ಹೆಜ್ಜೆ. ಮಾತು ಅಂದರೆ ಆ ಪ್ರಶ್ನೆ ಒಂದೇ. ಈ ಸಲ ಅವಳದು ಎರಡರ ಮೇಲೆ ಹೋಗಲಿಲ್ಲ. ನನ್ನದು ನಾಲ್ಕು. ಬೆರಳು ಮರಗಟ್ಟಿತ್ತು, ಹೊಟ್ಟೆ ತೊಳಸುತ್ತಿತ್ತು. ‘ನಿಜ ಹೇಳು’ ಅಂತ ಹಗ್ಗ ಹಿಡಿದು ಹಿಂದೆ ತಿರುಗಿ ನನ್ನ ಮುಖಕ್ಕೆ ದೀಪ ಹಾಕಿ ನೋಡಿದಳು. ‘ನಾಲ್ಕೇ’ ಅಂದೆ. ಇನ್ನೂ ಸ್ವಲ್ಪ ಹೊತ್ತು ನೋಡಿ ಮುಂದೆ ತಿರುಗಿದಳು. ಗ್ಲೌಸ್ ಒಳಗೆ ಬೆರಳು ಮಡಚಿಕೊಂಡು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ. ಮುಂದಿನ ಸಲ ಕೇಳಿದಾಗ ಮೂರೂವರೆ.

ಸೂರ್ಯ ಹುಟ್ಟುವಾಗ ಹಿಮದ ಮೇಲೇ ಇದ್ದೆವು. ಬೆಟ್ಟದ ನೆರಳು ಪಶ್ಚಿಮದ ಬಯಲಿನ ಮೇಲೆ ತ್ರಿಕೋನವಾಗಿ ಬಿತ್ತು, ಮಲಿಂಚೆ ಕಡೆಗೆ ಚಾಚಿತ್ತು. ತುದಿ ಅಂದರೆ ಕುಳಿಯ ಅಂಚು. ಒಳಗೆ ನೋಡಿದರೆ ಬೂದು, ಕಂದು ಬಣ್ಣದ ಗೋಡೆ ಆಳಕ್ಕೆ ಇಳಿದಿದೆ. ಅಂಚಿನಲ್ಲಿ ಕಬ್ಬಿಣದ ಶಿಲುಬೆ. ದಕ್ಷಿಣಕ್ಕೆ ಕೆಳಗೆ ಸಿಯೆರಾ ನೆಗ್ರಾ ಬೆಟ್ಟ, ಅದರ ತಲೆಯ ಮೇಲೆ 50 ಮೀಟರ್ ಅಗಲದ ರೇಡಿಯೋ ದೂರದರ್ಶಕ. 4,600 ಮೀಟರ್ ಹತ್ತಿರ ಇರುವ ಅದನ್ನು ಮೇಲಿನಿಂದ ನೋಡುತ್ತಿದ್ದೆವು. ಈ ತುದಿಗೆ ಜನ ಹತ್ತಿದ ದಾಖಲೆ ಸಿಗುವುದು 1848ರಿಂದ, ಮೆಕ್ಸಿಕೋ ಯುದ್ಧಕ್ಕೆ ಬಂದಿದ್ದ ಅಮೆರಿಕದ ಸೈನಿಕರದ್ದು. ನನಗೆ ಆಗ ಇದ್ಯಾವುದೂ ನೆನಪಾಗಲಿಲ್ಲ. ಅವಳು ಅಳುತ್ತಿದ್ದಳು. ನಾನೂ.

ಇಳಿಯುವಾಗಲೇ ಜಾಸ್ತಿ ಎಚ್ಚರ ಬೇಕು. ಕಾಲು ಸೋತಿರುತ್ತದೆ, ಮನಸ್ಸು ಸಡಿಲಾಗಿರುತ್ತದೆ, ಬಿಸಿಲಿಗೆ ಕಲ್ಲು ಬಿಟ್ಟುಕೊಳ್ಳುತ್ತದೆ. ಈಗ ಸಾಲು ತಿರುಗಿತು. ನಾನು ಮುಂದೆ, ಅವಳು ನಡುವೆ, ಎಲ್ಲರಿಗಿಂತ ಮೇಲೆ ಗೈಡ್. ಯಾರಾದರೂ ಜಾರಿದರೆ ಮೇಲಿನವರು ಹಿಡಿಯಬೇಕು. ಅಂಕ ಕೇಳುವುದನ್ನು ನಾವು ಹಗ್ಗ ಬಿಚ್ಚುವವರೆಗೂ ನಿಲ್ಲಿಸಲಿಲ್ಲ.

ಆ ಸಂಜೆ ತ್ಲಾಚಿಚುಕಾದಲ್ಲಿ ಸಾರು ಅನ್ನ ಉಣ್ಣುತ್ತಾ ಅವಳು ಇಸ್ತಾದ ಮಾತು ತೆಗೆದಳು. ಮಂಡಿಯವರೆಗೆ ಹೋಗಿದ್ದಕ್ಕೆ ಬೇಸರ ಇಲ್ಲ, ಎದೆ ಕಂಡಿಲ್ಲ ಅಂದಳು. ಆಲ್ಸೊಮೊನಿಯಲ್ಲಿ ಇನ್ನೊಂದು ರಾತ್ರಿ ಜಾಸ್ತಿ ಮಲಗಿ ಹೊರಟಿದ್ದರೆ ಅವಳ ಮೈ ಒಗ್ಗುತ್ತಿತ್ತೋ ಏನೋ, ಹಾಗೇ ಮಾಡಿ ನೋಡಬೇಕು ಅಂತ ಗೈಡೂ ಹೇಳಿದರು. ಒಣ ಹವೆ ನವೆಂಬರಿನಿಂದ ಮಾರ್ಚ್‌ವರೆಗೆ. ಅದಕ್ಕೆ ಸರಿಯಾಗಿ ರಜೆ ಹಾಕೋದು ಅಂತ ಅಲ್ಲೇ ಊಟದ ಮೇಜಿನ ಮೇಲೆ ಕ್ಯಾಲೆಂಡರ್ ತೆಗೆದು ಕೂತೆವು.